ಹಾಸನಾಂಬೆಯ ಜನ ಯಾರ ಲೆಕ್ಕಕ್ಕೆ?

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯ ಒಂದು ವಾಣಿಜ್ಯ ಸಂಕೀರ್ಣದ ನಿರ್ವಹಣೆ ನನ್ನದು. ಮೂರು ವರ್ಷಗಳಿಂದ ನವೆಂಬರ್ 1ರಂದು ಒಳಾಂಗಣದಲ್ಲಿ ರಾಜ್ಯೋತ್ಸವದ ರಸಮಂಜರಿ ಕಾರ್ಯಕ್ರಮ ಏರ್ಪಡಿಸುತ್ತಿದ್ದೇವೆ. ಮುಖ್ಯದ್ವಾರದಲ್ಲಿ ಜನರನ್ನು ಎಣಿಸುವ ಯಂತ್ರವಿದೆ. 2023ಕ್ಕಿಂತ 2024ರಲ್ಲಿ ಅದರ ಸಂಖ್ಯೆ ಬಹಳ ಏರಿತು, 2025ರಲ್ಲಿ ಇಳಿಯಿತು. ಕಾರ್ಯಕ್ರಮ ಕಳಪೆಯಾದ್ದರಿಂದ ಜನ ಬರಲಿಲ್ಲವೆಂದು ಕಟ್ಟಡದ ಮಾಲೀಕರು ಹೇಳುತ್ತಾರೆ. ಜನ ಬಂದ ವರ್ಷವೂ ವ್ಯಾಪಾರವಾಗಲಿಲ್ಲ, ಆದ್ದರಿಂದ ಖರ್ಚಿನ ಪಾಲು ಕೊಡುವುದಿಲ್ಲವೆಂದು ಮಳಿಗೆದಾರರು ಹೇಳುತ್ತಾರೆ. ಯಾರ ಮಾತು ಸರಿ?
— ಓರ್ವ ಓದುಗರು, ಹಾಸನ

ಉತ್ತರ: ಯಂತ್ರವನ್ನು ನೋಡುವ ಮೊದಲು ತಾವು ಪಂಚಾಂಗವನ್ನು ನೋಡಬೇಕಿತ್ತು. ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚುತ್ತದೆ ಎಂಬುದನ್ನು ಹಾಸನದವರಾದ ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ದಿನಗಳು ನವೆಂಬರ್ 1ರ ಸುತ್ತ ಪ್ರತಿವರ್ಷ ಹಿಂದೆ ಮುಂದೆ ಸರಿಯುತ್ತವೆ ಎಂಬುದು ತಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿದೆ. 2023ರಲ್ಲಿ ಬಾಗಿಲು ತೆರೆದದ್ದೇ ನವೆಂಬರ್ 2ರಂದು. ತಮ್ಮ ಕಾರ್ಯಕ್ರಮ ನಡೆದದ್ದು ಅದರ ಹಿಂದಿನ ದಿನ, ಬುಧವಾರ. 2024ರಲ್ಲಿ ಬಾಗಿಲು ಅಕ್ಟೋಬರ್ 24ರಿಂದ ನವೆಂಬರ್ 3ರವರೆಗೆ ತೆರೆದಿತ್ತು. ರಾಜ್ಯೋತ್ಸವವು ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ನಡುವಿನ ಶುಕ್ರವಾರ ಬಂದು, ಸಾಲು ಸಾಲು ರಜೆಯ ನಡುವೆ ಊರೆಲ್ಲ ಪರಸ್ಥಳದವರಿಂದ ತುಂಬಿತ್ತು. 2025ರಲ್ಲಿ ಬಾಗಿಲು ಅಕ್ಟೋಬರ್ 23ಕ್ಕೇ ಮುಚ್ಚಿತು. ನವೆಂಬರ್ 1 ಶನಿವಾರವಾದರೂ ಅಷ್ಟರಲ್ಲಿ ಯಾತ್ರಿಕರು ಮರಳಿ ಒಂಬತ್ತು ದಿನ ಕಳೆದಿತ್ತು. ತಾರೀಖು ಒಂದೇ ಆದರೂ ಈ ಮೂರು ದಿನಗಳು ಒಂದೇ ಜಾತಿಯವಲ್ಲ. ಆದ್ದರಿಂದ 2024ರ ಏರಿಕೆಯನ್ನು ಗಾಯಕರಿಗೂ 2025ರ ಇಳಿಕೆಯನ್ನು ತಮಗೂ ಕಟ್ಟಲು ಈ ಅಂಕಿಗಳಲ್ಲಿ ಆಧಾರವಿಲ್ಲ. ಮಾಲೀಕರ ವಾದ ಇಲ್ಲಿಗೆ ಬಿದ್ದಿತು. ದರ್ಶನದ ಸಾಲಿನಲ್ಲಿ ನಿಂತು ಬಂದವರು ನೀರಿಗೂ ಶೌಚಾಲಯಕ್ಕೂ ಒಂದಿಷ್ಟು ನೆರಳಿಗೂ ತಮ್ಮ ಕಟ್ಟಡವನ್ನು ಹೊಕ್ಕಿರುತ್ತಾರೆ; ಯಂತ್ರ ಅವರನ್ನೂ ರಸಮಂಜರಿಯ ಶ್ರೋತೃಗಳೆಂದೇ ಎಣಿಸಿಕೊಂಡಿರುತ್ತದೆ.

ಕಾರ್ಯಕ್ರಮದ ಪರಿಣಾಮವೆಂದರೆ ಆ ದಿನ ಬಂದವರ ಒಟ್ಟು ಸಂಖ್ಯೆಯಲ್ಲ. ಕಾರ್ಯಕ್ರಮ ಇಲ್ಲದಿದ್ದರೂ ಬರುತ್ತಿದ್ದವರನ್ನು ಕಳೆದು ಉಳಿದದ್ದು. ಕಳೆಯಬೇಕಾದ ಆ ಸಂಖ್ಯೆ ಯಾವ ಯಂತ್ರದಲ್ಲಿಯೂ ಕಾಣುವುದಿಲ್ಲ, ಅದನ್ನು ನಾವೇ ಅಂದಾಜು ಮಾಡಬೇಕು. ಸಾಮಾನ್ಯ ಕಾಲದಲ್ಲಿ ಇದು ಕಷ್ಟವಲ್ಲ: ಶನಿವಾರದ ಕಾರ್ಯಕ್ರಮಕ್ಕೆ ಹಿಂದಿನ ಐದಾರು ಶನಿವಾರಗಳ ಸರಾಸರಿಯನ್ನು ಗಂಟೆವಾರು ತೆಗೆದುಕೊಂಡು, ಹಬ್ಬ, ಜೋರು ಮಳೆ ಮತ್ತು ಬಂದ್‌ ಇದ್ದ ವಾರಗಳನ್ನು ಬಿಟ್ಟು, ಸಂಬಳವಾಗುವ ತಿಂಗಳ ಮೊದಲ ವಾರವನ್ನು ತಿಂಗಳ ಕೊನೆಯೊಂದಿಗೆ ಬೆರೆಸದಿದ್ದರೆ ಸಾಕು. ಜಾತ್ರೆಯ ದಿನಗಳಿಗೆ ಮಾತ್ರ ಈ ಸರಾಸರಿ ಉಪಯೋಗಕ್ಕೆ ಬಾರದು, ಏಕೆಂದರೆ ಆಗ ಬೀದಿಯೇ ಬೇರೆಯಾಗಿರುತ್ತದೆ.

ಹಾಗಾದ ಮೇಲೆ ಬೀದಿಯನ್ನೇ ಎಣಿಸಬೇಕು. ಜಪ ಎಣಿಸಲು ಬೆರಳಿಗೆ ಸಿಕ್ಕಿಸಿಕೊಳ್ಳುವ, ದೇವರ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವ ಸಣ್ಣ ಕೌಂಟರನ್ನು ಇಬ್ಬರು ಹುಡುಗರ ಕೈಗೆ ಕೊಟ್ಟು, ಪ್ರತಿ ಗಂಟೆಯಲ್ಲಿ ಹದಿನೈದು ನಿಮಿಷ ಒಬ್ಬನು ಪಾದಚಾರಿ ಮಾರ್ಗದಲ್ಲಿ ಹಾದುಹೋಗುವವರನ್ನೂ ಮತ್ತೊಬ್ಬನು ಬಾಗಿಲು ಹೊಕ್ಕವರನ್ನೂ ಎಣಿಸುವಂತೆ ಮಾಡಿ. ಮಾಮೂಲಿ ದಿನ ಸಾವಿರ ಜನ ಹಾದುಹೋಗಿ ನೂರು ಜನ ಒಳಬರುತ್ತಾರೆ ಎಂದಿಟ್ಟುಕೊಳ್ಳಿ. ಕಾರ್ಯಕ್ರಮದ ದಿನ ಮೂರು ಸಾವಿರ ಜನ ಹಾದು ಮುನ್ನೂರು ಜನ ಒಳಬಂದರೆ ಯಂತ್ರ ಮೂರು ಪಟ್ಟು ತೋರಿಸೀತು; ಆದರೆ ಅಂದೂ ಹತ್ತರಲ್ಲಿ ಒಬ್ಬರೇ ಒಳಗೆ ಬಂದಿದ್ದಾರೆ, ಕೀರ್ತಿಯೆಲ್ಲ ಬೀದಿಗೆ ಸಲ್ಲಬೇಕು. ಸಾವಿರದ ಇನ್ನೂರು ಜನ ಹಾದು ಇನ್ನೂರ ನಲವತ್ತು ಜನ ಒಳಬಂದರೆ ಆಗ ಕಾರ್ಯಕ್ರಮ ಜನರನ್ನು ಸೆಳೆದಿದೆ ಎನ್ನಬಹುದು. ಇಲ್ಲಿಯೂ ಒಂದು ತೊಡಕಿದೆ. ಹಾಡು ಕೇಳಲೆಂದೇ ಮನೆಯಿಂದ ಹೊರಟವರು ಬೀದಿಯ ಎಣಿಕೆಯಲ್ಲಿಯೂ ಸೇರಿಕೊಳ್ಳುತ್ತಾರೆ. ಅದಕ್ಕಾಗಿ ಬಾಗಿಲಲ್ಲಿ ಪ್ರತಿ ಇಪ್ಪತ್ತನೆಯ ವ್ಯಕ್ತಿಯನ್ನು ‘ಏತಕ್ಕೆ ಬಂದಿರಿ, ಯಾವ ಊರಿನಿಂದ ಬಂದಿರಿ’ ಎಂದು ವಿನಯದಿಂದ ಕೇಳಿ ಬರೆದುಕೊಳ್ಳಿ. ಪರಿಚಯದ ಮುಖಗಳನ್ನೇ ಆರಿಸಿ ಕೇಳುವ ಚಾಳಿ ನಮ್ಮವರಿಗೆ ಇದೆ. ಇಪ್ಪತ್ತನೆಯವರು ಯಾರಾದರೂ ಸರಿ, ಅವರನ್ನೇ ಕೇಳಬೇಕು.

ಯಂತ್ರದ ಬಗೆ ಯಾವುದೆಂದು ತಾವು ತಿಳಿಸಿಲ್ಲ. ಬಾಗಿಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅವಗೆಂಪು ಕಿರಣ ಹಾಯಿಸಿ, ಅದು ತುಂಡಾದಾಗಲೆಲ್ಲ ಒಂದೆಂದು ಎಣಿಸುವ ಅಗ್ಗದ ಬಗೆಯಾಗಿದ್ದರೆ, ಜೊತೆಯಾಗಿ ನಡೆದುಬರುವ ಇಬ್ಬರು ಅದಕ್ಕೆ ಒಬ್ಬರೇ. ಜನ ಒತ್ತಾಗಿ ನುಗ್ಗುವ ದಿನವೇ ಅದು ಹೆಚ್ಚು ತಪ್ಪುತ್ತದೆ. ಮಾಮೂಲಿ ದಿನದ ತಪ್ಪಿನ ಪ್ರಮಾಣವನ್ನು ಜಾತ್ರೆಯ ದಿನಕ್ಕೆ ಅನ್ವಯಿಸುವಂತಿಲ್ಲ. ಮಳಿಗೆಗಳ ನೌಕರರು, ವಾದ್ಯ ಹೊರುವವರು, ಹತ್ತು ಸಲ ಒಳಹೊರಗೆ ಓಡುವ ಮಕ್ಕಳು, ಎಲ್ಲರೂ ಅದಕ್ಕೆ ಗಿರಾಕಿಗಳೇ. ಚಾವಣಿಯಿಂದ ಕೆಳಮುಖವಾಗಿ ನೋಡುವ ಕ್ಯಾಮೆರಾ ಎಣಿಕೆ ಇದಕ್ಕಿಂತ ಉತ್ತಮ. ಯಾವುದಿದ್ದರೂ ಕೈ ಎಣಿಕೆಯೊಂದಿಗೆ ಒಮ್ಮೆ ತಾಳೆ ನೋಡದೆ ನಂಬಬೇಡಿ.

ಇನ್ನು ಮಳಿಗೆದಾರರ ಮಾತು. ಅವರು ಸುಳ್ಳು ಹೇಳುತ್ತಿಲ್ಲವೆಂದೇ ನನ್ನ ಅನಿಸಿಕೆ, ಆದರೆ ರುಜುವಾತನ್ನೂ ಕೊಟ್ಟಿಲ್ಲ. ವ್ಯಾಪಾರದ ಮೊತ್ತವನ್ನು ಯಾವ ಅಂಗಡಿಯವರೂ ಪಕ್ಕದವರಿಗೆ ಬಿಟ್ಟುಕೊಡುವುದಿಲ್ಲ. ಅದನ್ನು ಕೇಳಲೂ ಬೇಡಿ. ಬಿಲ್ಲುಗಳಿಗೆ ಕ್ರಮಸಂಖ್ಯೆ ಇರುತ್ತದೆಯಾದ್ದರಿಂದ, ಸಂಜೆ ನಾಲ್ಕಕ್ಕೆ ಇದ್ದ ಸಂಖ್ಯೆ ಮತ್ತು ಬಾಗಿಲು ಹಾಕುವಾಗ ಇದ್ದ ಸಂಖ್ಯೆ, ಇವೆರಡನ್ನು ಮಾತ್ರ ಚೀಟಿಯಲ್ಲಿ ಬರೆದುಕೊಡಲು ಹೇಳಿ. ಬಿಲ್ಲುಗಳ ಎಣಿಕೆಯನ್ನು ಒಳಬಂದವರ ಎಣಿಕೆಯಿಂದ ಭಾಗಿಸಿದರೆ ನೂರು ಜನರಲ್ಲಿ ಎಷ್ಟು ಮಂದಿ ಕೊಂಡರೆಂಬುದು ತಿಳಿಯುತ್ತದೆ. ರಸಮಂಜರಿಯ ಸಂಜೆ ಐಸ್‌ಕ್ರೀಂ, ಗೋಬಿ ಮಂಚೂರಿ, ಆಟಿಕೆಗಳ ಅಂಗಡಿಯಲ್ಲಿ ಈ ಪ್ರಮಾಣ ಏರಿ, ಸೀರೆ ಮತ್ತು ಚಿನ್ನದ ಅಂಗಡಿಗಳಲ್ಲಿ ಇಳಿಯುವುದು ಸಹಜ. ಹತ್ತು ಸೀರೆ ಬಿಡಿಸಿ ತೋರಿಸಿ, ಬೆಲೆ ಮಾತಾಡಿ ಮುಗಿಸಬೇಕಾದ ವ್ಯಾಪಾರವು ಧ್ವನಿವರ್ಧಕದ ಪಕ್ಕದಲ್ಲಿ ನಡೆಯುವುದಾದರೂ ಹೇಗೆ? ವೇದಿಕೆಯನ್ನು ಇಂತಹ ಅಂಗಡಿಗಳ ಬಾಗಿಲಿಗೆ ಅಡ್ಡಲಾಗಿ ಹಾಕಿದ್ದರೆ ಖರ್ಚಿನ ಪಾಲನ್ನು ಅವರಿಂದ ಕೇಳುವುದು ನ್ಯಾಯವಲ್ಲ. ಎಲ್ಲರಿಂದಲೂ ಅಂಗಡಿಯ ವಿಸ್ತೀರ್ಣದ ಮೇಲೆ ಸಮನಾಗಿ ವಸೂಲು ಮಾಡುವ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ. ಕಾರ್ಯಕ್ರಮದ ನಂತರದ ಎರಡು ವಾರಗಳ ಬಿಲ್ಲುಗಳನ್ನೂ ನೋಡಬೇಕು, ಏಕೆಂದರೆ ಮುಂದಿನ ವಾರ ಬರಬೇಕಿದ್ದವರೇ ಈ ವಾರ ಬಂದು ಹೋಗಿದ್ದರೆ ಲಾಭವಾದದ್ದೇನೂ ಇಲ್ಲ. ಇದರ ವಿರುದ್ಧವೂ ಆಗಬಹುದು: ಅಂದು ನೋಡಿ ಹೋದವರು ಮುಂದಿನ ವಾರ ಕೊಳ್ಳಲು ಬಂದಾರು.

ನಿಜವಾದ ಉತ್ತರ ಬೇಕಿದ್ದರೆ ರಾಜ್ಯೋತ್ಸವವನ್ನು ಊರಿನ ಮರ್ಯಾದೆಗೆಂದು ಲೆಕ್ಕವಿಲ್ಲದೆ ಆಚರಿಸಿ, ಪರೀಕ್ಷೆಯನ್ನು ಬೇರೆ ಕಾಲಕ್ಕೆ ಇಡಿ. ಜನವರಿಯಿಂದ ಮಾರ್ಚ್‌ ಒಳಗಿನ ಎಂಟು ಶನಿವಾರಗಳ ತಾರೀಖುಗಳನ್ನು ಚೀಟಿಗಳಲ್ಲಿ ಬರೆದು, ಮಾಲೀಕರು ಮತ್ತು ಮಳಿಗೆದಾರರ ಎದುರಿನಲ್ಲಿ ನಾಲ್ಕನ್ನು ಎತ್ತಿ, ಆ ನಾಲ್ಕು ದಿನ ಸಣ್ಣ ಕಾರ್ಯಕ್ರಮ ನಡೆಸಿ, ಉಳಿದ ನಾಲ್ಕು ದಿನ ಏನನ್ನೂ ನಡೆಸಬೇಡಿ. ಒಳ್ಳೆಯ ದಿನವನ್ನು ತಾವೇ ಆರಿಸಿಕೊಂಡಿರೆಂಬ ಆಕ್ಷೇಪಕ್ಕೆ ಆಗ ಎಡೆಯಿರುವುದಿಲ್ಲ. ಎಂಟು ದಿನ ಕಡಿಮೆಯೇ. ಸಣ್ಣ ವ್ಯತ್ಯಾಸ ಕಂಡರೆ ಅದನ್ನು ನೆಚ್ಚಬೇಡಿ, ಮುಂದಿನ ವರ್ಷ ಮತ್ತೆ ನಡೆಸಿ ಕೂಡಿಸಿ ನೋಡಿ.

ಪ್ರಶ್ನೆ: ಚಿಕ್ಕಮಗಳೂರಿನ ಒಂದು ಕಾಂಪ್ಲೆಕ್ಸ್‌ನ ಮೊದಲ ಮಹಡಿಯಲ್ಲಿ ನನ್ನ ಸಿದ್ಧ ಉಡುಪಿನ ಅಂಗಡಿಯಿದೆ. ವಾರಾಂತ್ಯದ ಮೇಳಗಳಿಂದ ಜನ ದುಪ್ಪಟ್ಟಾಗಿದ್ದಾರೆಂದು, ಮೊಬೈಲ್‌ ಫೋನುಗಳ ಸ್ಥಳ ಮಾಹಿತಿಯಿಂದ ತಯಾರಿಸಿದ ವರದಿ ತೋರಿಸಿ ನಿರ್ವಾಹಕರು ಬಾಡಿಗೆ ಏರಿಸಲು ಹೊರಟಿದ್ದಾರೆ. ನಂಬಬಹುದೇ?
— ಮಳಿಗೆದಾರರು, ಚಿಕ್ಕಮಗಳೂರು

ಉತ್ತರ: ಅಂತಹ ವರದಿಗಳು ಎಲ್ಲರ ಫೋನುಗಳನ್ನೂ ಕಾಣುವುದಿಲ್ಲ. ಕೆಲವು ಆ್ಯಪ್‌ಗಳಿಗೆ ಸ್ಥಳದ ಅನುಮತಿ ಕೊಟ್ಟವರನ್ನಷ್ಟೇ ಕಂಡು, ಅದನ್ನು ಗುಣಿಸಿ ಊರಿಗೆಲ್ಲ ಅನ್ವಯಿಸುತ್ತವೆ. ಬೆಂಗಳೂರಿನ ದೊಡ್ಡ ಮಾಲ್‌ಗೆ ಇದು ಒಂದು ಮಟ್ಟಿಗೆ ಸರಿಹೋದೀತು. ನಮ್ಮಂತಹ ಊರಿನ ಒಂದು ಕಟ್ಟಡಕ್ಕೆ ಸಿಕ್ಕುವ ಫೋನುಗಳು ಕೆಲವೇ ಆಗಿದ್ದರೆ ನಾಲ್ಕೈದು ಜನ ಹೆಚ್ಚು ಕಡಿಮೆಯಾದರೂ ವರದಿಯ ಅಂಕಿ ಬಹಳ ಜಿಗಿಯುತ್ತದೆ. ಎಷ್ಟು ಫೋನುಗಳ ಆಧಾರದ ಮೇಲೆ ಬರೆದದ್ದೆಂದು ಮೊದಲು ಕೇಳಿ. ಜಿಪಿಎಸ್‌ ಕಟ್ಟಡದೊಳಗೆ ದುರ್ಬಲ. ಕೆಳಗಿನ ರಸ್ತೆಯಲ್ಲಿ ನಿಂತವರನ್ನೂ ತಮ್ಮ ಮಹಡಿಯವರನ್ನೂ ಅದು ಸುಲಭವಾಗಿ ಬೇರ್ಪಡಿಸಲಾರದು. ಕಟ್ಟಡದ ವೈಫೈ ಮೂಲಕ ಎಣಿಸಿದ್ದೇವೆಂದು ಹೇಳಿದರೂ, ಇತ್ತೀಚಿನ ವರ್ಷಗಳ ಫೋನುಗಳು ತಮ್ಮ ಗುರುತಿನ ಸಂಖ್ಯೆಯನ್ನು ಬದಲಿಸುತ್ತಿರುವುದರಿಂದ ಒಬ್ಬರೇ ಇಬ್ಬರಾಗಿ ಕಾಣಬಹುದು.

ಅಲ್ಲದೆ ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೂ ದತ್ತಪೀಠಕ್ಕೂ ಹೋಗುವ ಪ್ರವಾಸಿಗರು ಮೇಳವಿಲ್ಲದಿದ್ದರೂ ಪೇಟೆಗೆ ಬರುವವರೇ. ಅವರು ಕಾಫಿಪುಡಿ, ಜೇನು, ಏಲಕ್ಕಿ ಕೊಂಡಾರು. ಪ್ಯಾಂಟು ತೊಟ್ಟು ನೋಡಿ ಕೊಳ್ಳುವಷ್ಟು ಪುರುಸೊತ್ತು ಅವರಿಗೆಲ್ಲಿದೆ? ಮೇಳವಿದ್ದ ನಾಲ್ಕು ಮತ್ತು ಇಲ್ಲದ ನಾಲ್ಕು ಭಾನುವಾರ ಮೆಟ್ಟಿಲಿನ ಬುಡದಲ್ಲಿ ಹತ್ತುವವರನ್ನೂ ತಮ್ಮ ಬಾಗಿಲು ಹೊಕ್ಕವರನ್ನೂ ಎಣಿಸಿ, ಬಿಲ್ಲುಗಳ ಕ್ರಮಸಂಖ್ಯೆಯೊಂದಿಗೆ ನಿರ್ವಾಹಕರ ಮುಂದಿಡಿ. ಎಣಿಕೆಗೆಂದು ಅವರು ಮುಖ ಗುರುತಿಸುವ ಕ್ಯಾಮೆರಾ ಹಾಕಲು ಹೊರಟರೆ ಮಾತ್ರ ತಡೆಯಿರಿ. ತಲೆ ಎಣಿಸುವುದು ಬೇರೆ, ವ್ಯಕ್ತಿಯನ್ನು ಗುರುತಿಸುವುದು ಬೇರೆ, ಎರಡನೆಯದು 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಬಾಡಿಗೆಯ ಮಾತುಕತೆಗೆ ಮೆಟ್ಟಿಲಿನ ಬುಡದ ಎಣಿಕೆಯೇ ಸಾಕು.