ಕೃತಕ ಚರ್ಮಕ್ಕಿಂತ ಮೊದಲು ಕಾಲಿಗೆ ರಕ್ತ ಬರಬೇಕು

ಅಪ್ಪನಿಗೆ 64 ವರ್ಷ, ಸಕ್ಕರೆ ಕಾಯಿಲೆ. ಪಾದದಲ್ಲಿ ಕೀವಾಗಿ, ಕೊಳೆತ ಭಾಗವನ್ನು ಆಪರೇಷನ್ ಮಾಡಿ ತೆಗೆದರು. ಮೂರು ವಾರವಾದರೂ ಗಾಯ ಮುಚ್ಚಿಲ್ಲ, ಒಳಗಿನ ನರ ಕಾಣುತ್ತಿದೆ. ಕೃತಕ ಚರ್ಮ ಹಾಕಿದರೆ ಒಂದೇ ಸಲಕ್ಕೆ ವಾಸಿಯಾಗುತ್ತದಂತೆ, ಹೌದಾ? (ಶಿರಸಿ)

ಇಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಪೂರ್ತಿ ಬರೆಯುತ್ತೇನೆ.

ನೀವು ನರ ಅಂದದ್ದು ಟೆಂಡನ್ ಇರಬೇಕು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಬಿಳಿ ಹಗ್ಗದ ಹಾಗೆ ಹೊಳೆಯುತ್ತದೆ. ಒಣಗಿದರೆ ಸಾಯುತ್ತದೆ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿ ಅಂದವರ ಮಾತು ಕೇಳಲೇಬೇಡಿ.

ಕೊಲಾಜೆನ್ ಶೀಟ್, ಹೆರಿಗೆಯಲ್ಲಿ ಸಿಗುವ ಆಮ್ನಿಯಾನ್ ಪೊರೆ, ದಾನಿಗಳ ಚರ್ಮ: ಇವೆಲ್ಲ ಸ್ವಲ್ಪ ದಿನದ ಹೊದಿಕೆ. ನೋವು ಕಡಿಮೆ ಮಾಡುತ್ತವೆ, ತೇವ ಉಳಿಸುತ್ತವೆ, ಆಮೇಲೆ ಹೋಗುತ್ತವೆ. ಇನ್ನೊಂದು ಜಾತಿಯದು ದುಬಾರಿ. ಅದರಲ್ಲಿ ಕೆಳಗೆ ದನದ ಕೊಲಾಜೆನ್ ಮತ್ತು ಶಾರ್ಕ್ ಮೀನಿನಿಂದ ತೆಗೆದ ವಸ್ತು ಸೇರಿಸಿದ ಜಾಲರಿ, ಮೇಲೆ ಸಿಲಿಕೋನ್ ಪದರ. ನಮ್ಮದೇ ರಕ್ತನಾಳಗಳು ಆ ಜಾಲರಿಯೊಳಗೆ ಬೆಳೆಯಲು ಸುಮಾರು ಮೂರು ವಾರ ಬೇಕು. ಆಮೇಲೆ ಸಿಲಿಕೋನ್ ತೆಗೆದು ರೋಗಿಯ ತೊಡೆಯಿಂದಲೇ ತೆಳುವಾದ ಚರ್ಮ ತಂದು ಹಾಕಬೇಕು. ಒಂದೇ ಸಲಕ್ಕೆ ಎಲ್ಲಿ ಮುಗಿಯಿತು?

ಒಬ್ಬರು ಬೇರೆ ಕಡೆ ಸಾಲ ಮಾಡಿ ಶೀಟ್ ಹಾಕಿಸಿಕೊಂಡು ನನ್ನ ಹತ್ತಿರ ಬಂದರು. ಬ್ಯಾಂಡೇಜ್ ಬಿಚ್ಚಿದೆ. ಹತ್ತಿಯ ಮೇಲೆ ಹಸಿರು ಕಲೆ, ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಚಿಮಟದಲ್ಲಿ ಮುಟ್ಟಿದ ಕೂಡಲೇ ಶೀಟ್ ಹಾಲಿನ ಕೆನೆ ಹಾಗೆ ಎದ್ದು ಬಂತು. ಅಡಿಯಲ್ಲೆಲ್ಲ ಕೀವು. ಇಂಥದ್ದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮೊದಲು ಪಾದದ ನಾಡಿ ನೋಡಿಸಿ. ಸಿಗದಿದ್ದರೆ ಡಾಪ್ಲರ್ ಮಾಡಿಸಿ, ಅದು ಶಬ್ದದ ಅಲೆಯಿಂದ ರಕ್ತದ ಹರಿವು ನೋಡುವ ಪರೀಕ್ಷೆ. ರಕ್ತ ಬರದ ಕಾಲಿಗೆ ಯಾವ ಚರ್ಮವೂ ಹಿಡಿಯುವುದಿಲ್ಲ. ಸತ್ತ ಮಾಂಸ ಪೂರ್ತಿ ತೆಗೆದು, ಸಕ್ಕರೆ ಹತೋಟಿಗೆ ಬಂದು, ಗಾಯದ ತಳ ದಾಳಿಂಬೆ ಕಾಳಿನ ಹಾಗೆ ಕೆಂಪಾಗಲಿ. ಎಲುಬು ಕಾಣುತ್ತಿದ್ದು ಅದರ ಮೇಲಿನ ಪೊರೆಯೂ ಹೋಗಿದ್ದರೆ ಚರ್ಮವನ್ನಷ್ಟೇ ಹಾಕಿ ಪ್ರಯೋಜನವಿಲ್ಲ, ಫ್ಲಾಪ್, ಅಂದರೆ ರಕ್ತನಾಳದ ಸಮೇತ ತಂದು ಮುಚ್ಚುವ ಚರ್ಮ-ಮಾಂಸದ ತುಂಡು, ಬೇಕಾಗಬಹುದು.

ಅಪ್ಪ ತಂಬಾಕು ಹಾಕಿ ಕವಳ ಜಗಿಯುತ್ತಾರಾ? ಇವತ್ತೇ ಬಿಡಿಸಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಆ ಕಾಲು ಊರಿ ತೋಟಕ್ಕೆ ಹೋಗುವುದೂ ಬೇಡ, "ಸುಮ್ನೆ ಒಂದು ಸುತ್ತು" ಅಂದರೂ ಬಿಡಬೇಡಿ.

ಗಾಯ ಇದ್ದಾಗ ಮೀನು, ಮೊಟ್ಟೆ ನಂಜಲ್ವಾ? (ಕುಮಟಾ)

ಅಲ್ಲ. ಪ್ರೋಟೀನ್ ಇಲ್ಲದೆ ಗಾಯ ಮಾಯುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ, ಇಲ್ಲವಾದರೆ ಬಂಗುಡೆ ಧಾರಾಳವಾಗಿ ಬಡಿಸಿ.

ಬ್ರೆಜಿಲ್‌ನಲ್ಲಿ ಮೀನಿನ ಚರ್ಮ ಹಚ್ಚುತ್ತಾರೆ. ನಾವೂ ತೊಳೆದು ಹಚ್ಚಬಹುದಾ? (ಕಾರವಾರ)

ಖಂಡಿತ ಬೇಡ. ಅಲ್ಲಿ ಸುಟ್ಟ ಗಾಯಕ್ಕೆ ಬಳಸಿದ್ದು ಲ್ಯಾಬಿನಲ್ಲಿ ರೋಗಾಣು ಇಲ್ಲದಂತೆ ಶುದ್ಧ ಮಾಡಿದ ತಿಲಾಪಿಯಾ ಚರ್ಮ. ಮನೆಯಲ್ಲಿ ಎಷ್ಟು ತೊಳೆದರೂ ಹಾಗಾಗುವುದಿಲ್ಲ.

ಪಕ್ಕದೂರಿನವರು ಸೊಪ್ಪಿನ ರಸ, ಅರಿಶಿನ ಕಟ್ಟುತ್ತಾರೆ. (ಹೊನ್ನಾವರ)

ತೆರೆದ ಆಪರೇಷನ್ ಗಾಯಕ್ಕೆ ಅದನ್ನು ಕಟ್ಟಿಸಿಕೊಂಡು, ಕಾಲು ಕಪ್ಪಾದ ಮೇಲೆ ಬಂದವರ ಬೆರಳು ಕತ್ತರಿಸಿದ್ದೇನೆ. ಕಟ್ಟಿದವರು ಆಸ್ಪತ್ರೆಗೆ ಬಂದು ನೋಡಲಿಲ್ಲ.

ಶೀಟ್ ದನದ್ದೋ ಹಂದಿಯದ್ದೋ ಗೊತ್ತಾಗುವುದು ಹೇಗೆ? (ಭಟ್ಕಳ)

ಸಹಿ ಹಾಕುವ ಮೊದಲೇ ಕೇಳಿ. ಹೇಳುವುದು ಡಾಕ್ಟರ ಕರ್ತವ್ಯ. ಮೀನು ಅಲರ್ಜಿ ಇದ್ದರೆ ಅದನ್ನೂ ಆಗಲೇ ಹೇಳಿ.