ರಿಮೈಂಡರ್‌ಗಳ ಸ್ನೂಜ್ ವ್ಯವಸ್ಥೆ ಹೇಗೆ ಸುಧಾರಿಸಬೇಕು?

ಸ್ನೂಜ್ ಒತ್ತುತ್ತಲೇ ಹೋಗಿ ಕೊನೆಗೆ ಕೆಲಸವೇ ಮರೆತುಹೋಗುವುದನ್ನು ತಪ್ಪಿಸಲು ಫೋನ್‌ನಲ್ಲಿ ಏನು ಬದಲಾಗಬೇಕು ಎಂಬುದು ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ನಿದ್ದೆಯಿಂದ ಎಬ್ಬಿಸುವ ಅಲಾರಂ ಮತ್ತು ಕೆಲಸ ನೆನಪಿಸುವ ರಿಮೈಂಡರ್ ಎರಡನ್ನೂ ಒಂದೇ ರೀತಿ ಮುಂದೂಡಲು ಬಿಟ್ಟಿರುವುದೇ ಮೂಲ ದೋಷ. ಐಫೋನ್ ಅಲಾರಂನಲ್ಲಿ ಬಹುಕಾಲ ಇದ್ದ 9 ನಿಮಿಷಗಳ ಸ್ನೂಜ್ ನಿದ್ದೆಯ ಮಟ್ಟಿಗೆ ಸಾಕು; ಆದರೆ ಬಿಲ್ ಕಟ್ಟಬೇಕೆಂಬ ಸೂಚನೆ ಸಭೆಯ ನಡುವೆ ಬಂದರೆ, ಹತ್ತು ನಿಮಿಷ ಕಳೆದ ಮೇಲೂ ನಾವು ಅದೇ ಸಭೆಯಲ್ಲಿ ಕುಳಿತಿರುತ್ತೇವೆ. ಅಲ್ಲಿ ಬೇಕಾದದ್ದು ನಿಮಿಷಗಳ ಪಟ್ಟಿಯಲ್ಲ, ‘ಸಭೆ ಮುಗಿದ ಮೇಲೆ’, ‘ಮನೆ ತಲುಪಿದಾಗ’ ಎಂಬಂಥ ಆಯ್ಕೆಗಳು. ಕ್ಯಾಲೆಂಡರ್ ಮತ್ತು ಸ್ಥಳದ ಮಾಹಿತಿ ಫೋನ್‌ನಲ್ಲೇ ಇರುವುದರಿಂದ, ಬಳಕೆದಾರರು ಅನುಮತಿ ನೀಡಿದರೆ ಇದು ಕಷ್ಟದ ಕೆಲಸವೇನಲ್ಲ.

ಇನ್ನೊಂದು ತೊಂದರೆ ಲಾಕ್ ಸ್ಕ್ರೀನ್‌ನಲ್ಲಿದೆ. ಬೆರಳಿನಿಂದ ಪಕ್ಕಕ್ಕೆ ಸರಿಸಿದ ಸೂಚನೆ ಹಲವು ಆ್ಯಪ್‌ಗಳಲ್ಲಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಸರಿಸುವುದು ಬೇರೆ, ಕೆಲಸ ಮುಗಿಯಿತೆಂದು ಗುರುತಿಸುವುದು ಬೇರೆ ಎಂದು ಆ್ಯಪ್ ತಿಳಿಯಬೇಕು. ಒಂದೇ ರಿಮೈಂಡರನ್ನು ಮತ್ತೆ ಮತ್ತೆ ಮುಂದೂಡಿದರೆ, ಅದೇ ಗುಂಡಿಗಳನ್ನು ತೋರಿಸುವ ಬದಲು ಹೊಸ ದಿನಾಂಕ ನೀಡಲು ಅಥವಾ ಅಳಿಸಲು ಕೇಳುವುದು ಉತ್ತಮ.

ರಿಮೈಂಡರ್ ತಡವಾಗಿ ಬರುತ್ತಿದ್ದರೆ ಕಾರಣ ಬೇರೆ ಇರಬಹುದು. ಆಂಡ್ರಾಯ್ಡ್ 6ರಿಂದ ಬಂದಿರುವ ಡೋಜ್ ವ್ಯವಸ್ಥೆಯು ಬ್ಯಾಟರಿ ಉಳಿಸಲು ಹಿನ್ನೆಲೆಯ ಕೆಲಸಗಳನ್ನು ಮುಂದೂಡುತ್ತದೆ. ಆಂಡ್ರಾಯ್ಡ್ 12 ಅಥವಾ ನಂತರದ ಆವೃತ್ತಿಯಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಅಲಾರಂ ಮತ್ತು ರಿಮೈಂಡರ್‌ಗಳ ಅನುಮತಿ ಇದೆಯೇ ಎಂದು ಮೊದಲು ಪರಿಶೀಲಿಸಿ.