ಪ್ರೊ ಬಂದ ಮೇಲೆ ಹಳೆಯ ಕನ್ಸೋಲ್ ಏನಾಗಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಗೇಮ್ ಕನ್ಸೋಲ್ ಮಾರುಕಟ್ಟೆಗೆ ಬಂದು ಮೂರು ನಾಲ್ಕು ವರ್ಷವಾದ ಮೇಲೆ ಅದೇ ಹೆಸರಿಗೆ ಬಾಲ ಅಂಟಿಸಿಕೊಂಡು ಬರುವ ‘ಪ್ರೊ’, ‘ಎಕ್ಸ್’ ಮಾದರಿಗಳು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಎರಡಕ್ಕೆ ಉದ್ದ ಉತ್ತರ, ಎರಡಕ್ಕೆ ಗಿಡ್ಡ ಉತ್ತರ.

ಪ್ರಶ್ನೆ: ನನ್ನ ಹತ್ತಿರ 2021ರಲ್ಲಿ ಕೊಂಡ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಇದೆ. ಒಂದು ದಿನವೂ ಕೈಕೊಟ್ಟಿಲ್ಲ. ಆದರೆ ಪ್ರೊ ಬಂದಾಗಿನಿಂದ ಇದನ್ನು ಮಾರಿ ಅದನ್ನು ತರುವ ಯೋಚನೆ ತಲೆ ತಿನ್ನುತ್ತಿದೆ. ಗೆಳೆಯರು ‘ಅದೇ ಆಟ, ಸುಮ್ಮನೆ ದುಡ್ಡು ದಂಡ’ ಅನ್ನುತ್ತಾರೆ. ಹೋಲಿಕೆಯ ವಿಡಿಯೊ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಯಾರ ಮಾತು ಕೇಳಲಿ?
– ಹೆಸರು ಬೇಡ ಎಂದವರು

ಉತ್ತರ: ನಿಮ್ಮ ಟಿವಿ ಎಷ್ಟು ಇಂಚಿನದು? ಎಷ್ಟು ದೂರ ಕೂತು ಆಡುತ್ತೀರಿ? ನಿಮ್ಮ ಪತ್ರದಲ್ಲಿ ಇವೆರಡೂ ಇಲ್ಲ. ತಪ್ಪು ತಿಳಿಯಬೇಡಿ, ಇಂಥ ಪತ್ರ ಬರೆಯುವವರು ಯಾರೂ ಇದನ್ನು ಬರೆಯುವುದಿಲ್ಲ. ಚಿಪ್ ಎಷ್ಟು ಬಲಶಾಲಿ ಎಂದು ಹೇಳುವ ಟೆರಾಫ್ಲಾಪ್ ಲೆಕ್ಕ ಮಾತ್ರ ಎಲ್ಲರಿಗೂ ಬಾಯಿಪಾಠ.

ಒಂದು ಸಣ್ಣ ಲೆಕ್ಕ ಹಾಕೋಣ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಅದರ ಮೇಲೆ ಫುಲ್ ಎಚ್‌ಡಿ ಚಿತ್ರ, ಅಂದರೆ ಅಡ್ಡಡ್ಡ 1920 ಚುಕ್ಕಿ ಹರಡಿದರೆ ಒಂದೊಂದು ಚುಕ್ಕಿ 0.6 ಮಿಲಿಮೀಟರ್‌ಗಿಂತ ತುಸು ದೊಡ್ಡದು. ದೃಷ್ಟಿ ಸರಿಯಿರುವ ಕಣ್ಣು ಕೂಡ ಸುಮಾರು ಎರಡೂಕಾಲು ಮೀಟರ್ ಆಚೆಗೆ ಇಷ್ಟು ಚಿಕ್ಕ ಚುಕ್ಕಿಗಳನ್ನು ಬೇರೆಬೇರೆಯಾಗಿ ಕಾಣಲಾರದು. ಅದಕ್ಕಿಂತ ಹಿಂದೆ ಸೋಫಾ ಹಾಕಿಕೊಂಡವರಿಗೆ ಇದರ ನಾಲ್ಕು ಪಟ್ಟು ಚುಕ್ಕಿ ಇರುವ 4ಕೆ ಚಿತ್ರದ ಹೆಚ್ಚುವರಿ ಚುಕ್ಕಿಗಳಲ್ಲಿ ಬಹುಪಾಲು ವ್ಯರ್ಥ. ಚಿತ್ರ ಓಡುವಾಗ ಅಂಚುಗಳು ಮಿನುಗುವುದು, ದೂರದ ತಂತಿ ಬೇಲಿ ಗಿಜಿಗುಟ್ಟುವುದು ಇವೆಲ್ಲ ಅದಕ್ಕಿಂತ ದೂರಕ್ಕೂ ಕಾಣುತ್ತವೆ, ನಿಜ. ಆದರೆ ನೀವು ನೋಡಿದ ವಿಡಿಯೊದವರು ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಹಾಗೆ ಯಾರೂ ಆಡುವುದಿಲ್ಲ.

ಇನ್ನು ಪೆಟ್ಟಿಗೆಯೊಳಗೆ ಏನು ಬದಲಾಗಿದೆ ನೋಡಿ. ಗ್ರಾಫಿಕ್ಸ್ ಚಿಪ್‌ನ ಗಣಕ ಘಟಕಗಳು 36ರಿಂದ 60ಕ್ಕೆ ಏರಿವೆ. ಚಿತ್ರ ಬಿಡಿಸುವ ವೇಗ ಶೇ 45ರವರೆಗೆ ಹೆಚ್ಚು ಎಂದು ಸೋನಿಯೇ ಹೇಳಿಕೊಂಡಿದೆ. ಕಡಿಮೆ ಚುಕ್ಕಿಯ ಚಿತ್ರವನ್ನು ಎಐ ಬಳಸಿ 4ಕೆಗೆ ಹಿಗ್ಗಿಸುವ ಪಿಎಸ್‌ಎಸ್‌ಆರ್ ಎಂಬ ತಂತ್ರ ಸೇರಿದೆ. ಸಂಗ್ರಹ 2 ಟೆರಾಬೈಟ್ ಆಗಿದೆ. ಆದರೆ ಪ್ರೊಸೆಸರ್ ಅದೇ ಹಳೆಯ ಜೆನ್ 2 ಜಾತಿಯದು, ಎಂಟು ಕೋರ್, ವೇಗ ಕೂದಲೆಳೆಯಷ್ಟು ಹೆಚ್ಚು. ಜಾಹೀರಾತು ಓದುವವರು ಜಾರುವುದು ಇಲ್ಲೇ. ಆಟವೊಂದು ತಡವರಿಸುವುದಕ್ಕೆ ಕಾರಣ ಗ್ರಾಫಿಕ್ಸ್ ಆಗಿದ್ದರೆ ಪ್ರೊ ನೆರವಿಗೆ ಬರುತ್ತದೆ. ಊರ ತುಂಬ ಜನ ಓಡಾಡುತ್ತ, ಒಬ್ಬೊಬ್ಬರೂ ಏನೋ ಲೆಕ್ಕ ಹಾಕುತ್ತಿರುವ ಆಟದಲ್ಲಿ ಪ್ರೊಸೆಸರ್ ಏದುಸಿರು ಬಿಡುತ್ತಿದ್ದರೆ ಪ್ರೊ ತಂದರೂ ಹೆಚ್ಚೇನೂ ಆಗದು.

ನಮ್ಮ ಅಕ್ಕನ ಮಗನಿಗೆ ಹದಿನಾರು ವರ್ಷ, ಈ ವಿಷಯದಲ್ಲಿ ಮನೆಯ ಪಂಡಿತ. ಒಂದೇ ಟಿವಿಯ ಎರಡು ಎಚ್‌ಡಿಎಂಐ ಕಿಂಡಿಗೆ ಎರಡು ಪೆಟ್ಟಿಗೆ ಸಿಕ್ಕಿಸಿ, ಒಂದೇ ರೇಸಿಂಗ್ ಆಟದ ಒಂದೇ ತಿರುವಿನಲ್ಲಿ ನಿಲ್ಲಿಸಿ, ಯಾವುದು ಪ್ರೊ ಹೇಳು ಅಂದೆ. ಸೋಫಾದಲ್ಲಿ ಕೂತು ಹೇಳಲಾಗಲಿಲ್ಲ. ಎದ್ದು ಹೋಗಿ ಮೂಗು ತಾಗುವಷ್ಟು ಹತ್ತಿರ ನಿಂತು, ಪ್ರೇಕ್ಷಕರ ಗ್ಯಾಲರಿಯ ಹಿಂದಿನ ಜಾಲರಿ ನೋಡಿ ಸರಿಯಾಗಿ ಹೇಳಿದ. ಆಮೇಲೆ ಹಳೆಯ ಪೆಟ್ಟಿಗೆಯಲ್ಲೇ ಸೆಕೆಂಡಿಗೆ 30 ಫ್ರೇಮಿನ, ಅಂದರೆ 30 ಬಿಡಿ ಚಿತ್ರ ತೋರಿಸುವ ‘ಕ್ವಾಲಿಟಿ’ ಮೋಡ್‌ನಿಂದ 60 ಫ್ರೇಮಿನ ‘ಪರ್ಫಾರ್ಮೆನ್ಸ್’ ಮೋಡ್‌ಗೆ ಬದಲಿಸಿದೆ. ಕಾರು ಒಂದು ತಿರುವು ತೆಗೆದುಕೊಳ್ಳುವುದರೊಳಗೆ ‘ಈಗ ಸ್ಮೂತ್ ಆಯ್ತು’ ಅಂದ, ತಲೆಯನ್ನೂ ಎತ್ತದೆ.

ಪ್ರೊ ಮಾರುವ ಮುಖ್ಯ ಸರಕೇ ಇದು: ಇವೆರಡು ಮೋಡ್‌ಗಳ ನಡುವೆ ಆರಿಸುವ ತಾಪತ್ರಯ ಇಲ್ಲ, ಕ್ವಾಲಿಟಿಗೆ ಹತ್ತಿರದ ಚಿತ್ರ 60 ಫ್ರೇಮಿನಲ್ಲಿ ಸಿಗುತ್ತದೆ. ಹಾಗಾಗಿ ಕಾಸು ಖರ್ಚಿಲ್ಲದ ಪರೀಕ್ಷೆ ನಿಮ್ಮ ಮನೆಯಲ್ಲೇ ಇದೆ. ನೀವು ಹೆಚ್ಚು ಆಡುವ ಆಟವನ್ನು ಒಂದು ಸಂಜೆ ಕ್ವಾಲಿಟಿಯಲ್ಲಿ, ಇನ್ನೊಂದು ಸಂಜೆ ಪರ್ಫಾರ್ಮೆನ್ಸ್‌ನಲ್ಲಿ ಆಡಿ. ಪರ್ಫಾರ್ಮೆನ್ಸ್‌ನಲ್ಲಿ ಚಿತ್ರ ಮಂಕಾಯಿತು ಎಂದು ನಿಮಗೆ ಅನ್ನಿಸದಿದ್ದರೆ ಪ್ರೊ ನಿಮಗಾಗಿ ಮಾಡಿದ್ದಲ್ಲ. ಅನ್ನಿಸಿದರೆ, ಟಿವಿಯೂ 65 ಇಂಚಿನ ಮೇಲಿದ್ದು ಹತ್ತಿರ ಕೂರುವವರಾದರೆ, ಯೋಚಿಸಬಹುದು. ಅದಕ್ಕೂ ಮೊದಲು ಟಿವಿಯಲ್ಲಿ ಗೇಮ್ ಮೋಡ್ ಆನ್ ಆಗಿದೆಯೇ, ತಂತಿಯನ್ನು ಎಚ್‌ಡಿಎಂಐ 2.1 ಇರುವ ಕಿಂಡಿಗೇ ಸಿಕ್ಕಿಸಿದ್ದೀರಾ ನೋಡಿ. ಕೆಲವು ಟಿವಿಗಳಲ್ಲಿ ನಾಲ್ಕು ಕಿಂಡಿಗಳಲ್ಲಿ ಎರಡಕ್ಕೆ ಮಾತ್ರ ಆ ಸೌಲಭ್ಯ ಇರುತ್ತದೆ. ಎಷ್ಟೋ ಮನೆಗಳಲ್ಲಿ ಇಲ್ಲೇ ಅರ್ಧ ‘ಅಪ್‌ಗ್ರೇಡ್’ ಪುಕ್ಕಟೆಯಾಗಿ ಬಿದ್ದಿರುತ್ತದೆ.

ಒಟ್ಟಿನಲ್ಲಿ ಮಾರಬೇಡಿ. ಗೆಳೆಯರ ಮಾತಿಗೆ ಕಟ್ಟುಬಿದ್ದು ಹೇಳುತ್ತಿಲ್ಲ, ಚೆನ್ನಾಗಿ ಓಡುತ್ತಿರುವ ಪೆಟ್ಟಿಗೆಗೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವ ಬೆಲೆ ನಿಮ್ಮ ಹೊಟ್ಟೆ ಉರಿಸುತ್ತದೆ.

ಪ್ರಶ್ನೆ: ನಿಮ್ಮ ಅಂಕಣ ಓದುತ್ತ ಬಂದಿದ್ದೇನೆ. ಪ್ರೊ ಮಾದರಿ ಎಂದರೆ ನಿಮಗೆ ಅದೇನೋ ಮುನಿಸು. ಫೋನ್ ಕಂಪನಿಗಳು ಪ್ರತಿ ವರ್ಷ ಮೂರು ಮಾದರಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಕಾಸಿದ್ದವರು ಪ್ರೊ ಕೊಳ್ಳುತ್ತಾರೆ, ಇಲ್ಲದವರು ಮಾಮೂಲಿ ಕೊಳ್ಳುತ್ತಾರೆ. ಆಯ್ಕೆ ಹೆಚ್ಚಿದರೆ ಗ್ರಾಹಕನಿಗೇ ಲಾಭ ತಾನೆ? ಯಾರ ಕೈಯಿಂದ ಏನು ಕಿತ್ತುಕೊಂಡಂತಾಯಿತು?
– ಹಳೆಯ ಓದುಗ, ಹೊಸ ಪ್ರೊ ಮಾಲೀಕ

ಉತ್ತರ: ಮಾಲೀಕತ್ವಕ್ಕೆ ಅಭಿನಂದನೆ. ನಿಮ್ಮ ಮಾತು ಅರ್ಧ ಒಪ್ಪುತ್ತೇನೆ.

ಕನ್ಸೋಲ್ ಫೋನಲ್ಲ. ಈ ಪೆಟ್ಟಿಗೆ ಒಮ್ಮೆ ಕೊಂಡರೆ ಆರೇಳು ವರ್ಷ, ಇದರ ಹೆಸರು ಮುದ್ರಿಸಿದ ಯಾವ ಆಟ ತಂದರೂ ಓಡುತ್ತದೆ ಎಂಬ ಮಾತಿನ ಮೇಲೆ ಜನ ದುಡ್ಡು ಕೊಡುತ್ತಾರೆ. ಕಂಪ್ಯೂಟರ್ ಬಿಟ್ಟು ಕನ್ಸೋಲ್ ಹಿಡಿದವರು ಈ ನೆಮ್ಮದಿಗಾಗಿಯೇ ಹಿಡಿದವರು. ಮಧ್ಯದಲ್ಲಿ ಬರುವ ಮಾದರಿ ಆ ಮಾತನ್ನು ಉಳಿಸುತ್ತದೋ ಮುರಿಯುತ್ತದೋ ಎನ್ನುವುದೇ ನನ್ನ ತಕ್ಕಡಿ. ನಿಂಟೆಂಡೊ ಕೈಯಲ್ಲಿ ಹಿಡಿದು ಆಡುವ ತನ್ನ 3ಡಿಎಸ್ ಕನ್ಸೋಲಿಗೆ ‘ನ್ಯೂ 3ಡಿಎಸ್’ ಎಂಬ ಮಾದರಿ ತಂದಾಗ ಮುರಿಯಿತು: 2015ರಲ್ಲಿ ಬಂದ ಝೆನೋಬ್ಲೇಡ್ ಕ್ರಾನಿಕಲ್ಸ್ 3ಡಿ ಎಂಬ ಆಟ ಹಳೆಯ 3ಡಿಎಸ್‌ನಲ್ಲಿ ಓಡಲೇ ಇಲ್ಲ. ಮರುವರ್ಷ ಸೋನಿ ಪಿಎಸ್4 ಪ್ರೊ ತಂದಾಗ, ಪ್ರೊಗೆ ಮಾತ್ರ ಎಂದು ಯಾವ ಆಟವನ್ನೂ ಮಾಡುವಂತಿಲ್ಲ ಎಂಬ ನಿಯಮ ಹಾಕಿತು. ಅದು ನ್ಯಾಯ.

ಆದರೆ ನಿಯಮ ‘ಓಡಬೇಕು’ ಎಂದಷ್ಟೇ ಹೇಳುತ್ತದೆ, ‘ಚೆನ್ನಾಗಿ ಓಡಬೇಕು’ ಎಂದಲ್ಲ. ಸೈಬರ್‌ಪಂಕ್ 2077 ಆಟ ನೆನಪಿದೆಯೇ? 2020ರ ಡಿಸೆಂಬರ್‌ನಲ್ಲಿ ಬಂತು. ಸಾದಾ ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿತ್ತೆಂದರೆ ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಮಳಿಗೆಯಿಂದಲೇ ತೆಗೆದು, ಹಣ ವಾಪಸ್ ಕೊಡಲು ಮುಂದಾಯಿತು. 2021ರ ಜೂನ್‌ನಲ್ಲಿ ಆಟ ಮತ್ತೆ ಮಾರಾಟಕ್ಕೆ ಬಂದಾಗ ಜೊತೆಗೊಂದು ಸೂಚನೆ ಇತ್ತು: ಪಿಎಸ್4 ಪ್ರೊ ಅಥವಾ ಪಿಎಸ್5ನಲ್ಲಿ ಆಡಿದರೆ ಒಳ್ಳೆಯದು. ಪಿಎಸ್4 ಎಂದು ಮುಖಪುಟದಲ್ಲೇ ಬರೆದಿರುವ ಆಟಕ್ಕೆ! ಯಾರ ಕೈಯಿಂದ ಏನು ಕಿತ್ತುಕೊಂಡರು ಎಂದು ಕೇಳಿದಿರಲ್ಲ, ಇದು ಒಂದು ಉದಾಹರಣೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಎಕ್ಸ್‌ಬಾಕ್ಸ್ ಕನ್ಸೋಲ್ ಮಾಡುವ ಮೈಕ್ರೊಸಾಫ್ಟ್ 2020ರಲ್ಲಿ ಮೊದಲ ದಿನವೇ ಎರಡು ಪೆಟ್ಟಿಗೆ ಇಟ್ಟಿತು: 499 ಡಾಲರಿನ ಸೀರೀಸ್ ಎಕ್ಸ್, 299ರ ಸೀರೀಸ್ ಎಸ್. ಯಾವುದಕ್ಕೆ ಎಷ್ಟು ಕೊಡುತ್ತಿದ್ದೇನೆ ಎಂದು ಎಲ್ಲರಿಗೂ ಗೊತ್ತು, ಯಾರಿಗೂ ಆಮೇಲೆ ಮೋಸ ಹೋದೆ ಅನ್ನಿಸುವಂತಿಲ್ಲ. ಆದರೆ ಚಿಕ್ಕದರ ಮೆಮೊರಿ 10 ಗಿಗಾಬೈಟ್, ದೊಡ್ಡದರದು 16. ಬಾಲ್ಡರ್ಸ್ ಗೇಟ್ 3 ಆಟವನ್ನು ಇಬ್ಬರು ಪರದೆ ಹಂಚಿಕೊಂಡು ಆಡುವ ಸೌಲಭ್ಯ ಆಗ ಚಿಕ್ಕದರಲ್ಲಿ ಕೂರಲಿಲ್ಲ. ಕೊನೆಗೆ ಎಸ್‌ನಲ್ಲಿ ಆ ಸೌಲಭ್ಯ ಕೈಬಿಟ್ಟು 2023ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ತಂದರು. ಪಿಎಸ್5ನವರು ಸೆಪ್ಟೆಂಬರ್‌ನಿಂದಲೇ ಆಡುತ್ತಿದ್ದರು. ಅಗ್ಗದ ಪೆಟ್ಟಿಗೆಯಿಂದಾಗಿ ದುಬಾರಿ ಪೆಟ್ಟಿಗೆಯವರು ಕಾಯಬೇಕಾಯಿತು. ಆಯ್ಕೆ ಕೊಟ್ಟರೂ ಯಾರೋ ಒಬ್ಬರು ಅದರ ತೆರಿಗೆ ಕಟ್ಟುತ್ತಾರೆ.

ಆದರೂ ನನ್ನ ನಿಜವಾದ ತಕರಾರು ಇರುವುದು ಬೆಲೆಯ ಏಣಿಯ ಬಗ್ಗೆ. ಅಮೆರಿಕದ ಬೆಲೆಗಳನ್ನೇ ಹಿಡಿದು ನೋಡಿ, ಹೋಲಿಸಲು ಸುಲಭ. ಪಿಎಸ್2 2000ದಲ್ಲಿ 299 ಡಾಲರ್, 2002ರಲ್ಲಿ 199, 2009ರಲ್ಲಿ 99. ಕಾದವರಿಗೆ ಅಗ್ಗ ಎನ್ನುವುದು ಈ ವ್ಯಾಪಾರದ ಬರೆಯದ ಒಪ್ಪಂದವಾಗಿತ್ತು. ಪಿಎಸ್4 2013ರಲ್ಲಿ 399ಕ್ಕೆ ಬಂತು. 2016ರಲ್ಲಿ ಪ್ರೊ ಬಂದಾಗ ಅದರ ಬೆಲೆಯೂ 399, ಸಾದಾ ಮಾದರಿ 299ಕ್ಕೆ ಇಳಿದಿತ್ತು. ಅಂದರೆ ಗ್ರಾಹಕನ ಮುಂದೆ ಇದ್ದದ್ದು: ಹಳೆಯ ಬೆಲೆಗೆ ಹೆಚ್ಚು ಶಕ್ತಿ ತಗೋ, ಇಲ್ಲವೇ ಹಳೆಯ ಶಕ್ತಿಯನ್ನು ಕಡಿಮೆ ಬೆಲೆಗೆ ತಗೋ. ಎರಡರಲ್ಲಿ ಯಾವುದನ್ನು ಹಿಡಿದರೂ ಏನೋ ಒಂದು ಲಾಭ. 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೊ 700 ಡಾಲರಿಗೆ ಬಂದಾಗ, ಡಿಸ್ಕ್ ಡ್ರೈವ್ ಇರುವ ಸಾದಾ ಮಾದರಿ ನಾಲ್ಕು ವರ್ಷದ ಹಿಂದಿನ 499ರಲ್ಲೇ ನಿಂತಿತ್ತು. ಮರುವರ್ಷ ಅದಕ್ಕೂ 50 ಡಾಲರ್ ಏರಿಸಿದರು. ಅಮೆರಿಕದ ಹೊರಗಿನ ಹಲವು ದೇಶಗಳಲ್ಲಿ 2022ರಲ್ಲೇ ಏರಿಸಿ ಆಗಿತ್ತು. ಹಾಗಾದರೆ ಈಗಿನ ಆಯ್ಕೆ ಏನು? ಹಳೆಯ ಶಕ್ತಿಗೆ ಹಳೆಯದೇ ಬೆಲೆ ಇಲ್ಲವೇ ಅದಕ್ಕಿಂತ ತುಸು ಹೆಚ್ಚು, ಹೆಚ್ಚು ಶಕ್ತಿಗೆ ಇನ್ನೂ ಹೆಚ್ಚು ಬೆಲೆ. ಎರಡು ಪೆಟ್ಟಿಗೆ ಆಗಲೂ ಇದ್ದವು, ಈಗಲೂ ಇವೆ. ಲಾಭದ ಬಾಗಿಲು ಮಾತ್ರ ಮುಚ್ಚಿದೆ.

ಇದೆಲ್ಲ ಬರೀ ದುರಾಸೆ ಎಂದು ಹೇಳುವುದಿಲ್ಲ. ಮೊದಲೆಲ್ಲ ಚಿಪ್ ತಯಾರಿಕೆ ಒಂದು ಹಂತ ಮೇಲೇರಿದಾಗಲೆಲ್ಲ ಅದೇ ಚಿಪ್ ಚಿಕ್ಕದಾಗಿ, ಅಗ್ಗವಾಗುತ್ತಿತ್ತು. ಸ್ಲಿಮ್ ಮಾದರಿಗಳು ಹುಟ್ಟಿದ್ದೇ ಹಾಗೆ. ಈಗ ಚಿಕ್ಕದಾಗುತ್ತದೆ, ಅಗ್ಗವಾಗುವುದಿಲ್ಲ. ಹೊಸ ಹಂತದ ಸಿಲಿಕಾನ್ ಬಿಲ್ಲೆಯ ಬೆಲೆಯೇ ಆ ಉಳಿತಾಯವನ್ನು ನುಂಗಿಹಾಕುತ್ತದೆ. ಕಾರಣ ಒಪ್ಪೋಣ. ಆದರೆ 700 ಡಾಲರಿಗೆ ಬಂದ ಪೆಟ್ಟಿಗೆಯಲ್ಲಿ ಡಿಸ್ಕ್ ಡ್ರೈವ್ ಇಲ್ಲ, ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡೂ ಇಲ್ಲ, ಎರಡನ್ನೂ ಬೇರೆ ಕೊಳ್ಳಬೇಕು. ಇದನ್ನು ಸಿಲಿಕಾನ್ ತಲೆಗೆ ಕಟ್ಟಲಾಗದು. ಮೂಗಿಗಿಂತ ಮೂಗುತಿ ಭಾರ ಎಂದು ನಾನಂದರೆ ನಿಮಗೆ ಮುನಿಸು ಬರಬಾರದು.

ನಿಮ್ಮದು ಕೊಂಡಾಗಿದೆ, ಚೆನ್ನಾಗಿ ಆಡಿ. ಸೆಟ್ಟಿಂಗ್ಸ್‌ನಲ್ಲಿ ಪಿಎಸ್4 ಆಟಗಳ ಚಿತ್ರದ ಗುಣಮಟ್ಟ ಹೆಚ್ಚಿಸುವ ಒಂದು ಆಯ್ಕೆ ಇದೆ, ಆನ್ ಮಾಡಿ ನೋಡಿ. ಹಳೆಯ ಸಂಗ್ರಹ ಇರುವವರಿಗೆ ಅದು ಖುಷಿ ಕೊಡುತ್ತದೆ.

ಪ್ರಶ್ನೆ: ಮಕ್ಕಳಿಗೆ ಮೊದಲ ಕನ್ಸೋಲ್ ಕೊಡಿಸಬೇಕು. ಡಿಸ್ಕ್ ಇಲ್ಲದ್ದು ಕಡಿಮೆಗೆ ಸಿಗುತ್ತದೆ. ಡಿಸ್ಕ್ ಬೇಕೇ ಬೇಕಾ?
– ಇಬ್ಬರು ಮಕ್ಕಳ ತಾಯಿ

ಉತ್ತರ: ಬೇಕು ಅಂತಲೇ ಹೇಳುತ್ತೇನೆ ಅಮ್ಮ. ಡಿಸ್ಕ್ ಇದ್ದರೆ ಆಟ ಮುಗಿದ ಮೇಲೆ ಮಾರಬಹುದು, ಮಕ್ಕಳು ಗೆಳೆಯರೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು, ಬೇರೆಬೇರೆ ಕಡೆ ಬೆಲೆ ವಿಚಾರಿಸಬಹುದು. ಡಿಸ್ಕ್ ಇಲ್ಲದ ಪೆಟ್ಟಿಗೆಯಲ್ಲಿ ಇರುವುದು ಕಂಪನಿಯ ಆನ್‌ಲೈನ್ ಮಳಿಗೆ ಒಂದೇ, ಅಲ್ಲಿ ಅವರು ಹೇಳಿದ್ದೇ ದರ. ಮೊದಲ ದಿನ ಉಳಿಸಿದ್ದು ಕೆಲವೇ ಆಟಗಳಲ್ಲಿ ಕರಗಿಹೋಗುತ್ತದೆ. ಮಕ್ಕಳು ಪುಕ್ಕಟೆ ಸಿಗುವ ಒಂದೆರಡು ಆನ್‌ಲೈನ್ ಆಟಗಳನ್ನೇ ಆಡುತ್ತಾರೆ ಎಂದಾದರೆ ಮಾತ್ರ ಡಿಸ್ಕ್ ಇಲ್ಲದ್ದು ಸಾಕು. ಈಗಿನ ಪಿಎಸ್5 ಡಿಜಿಟಲ್‌ಗೆ ಡ್ರೈವ್ ಆಮೇಲೆ ಸಿಕ್ಕಿಸಬಹುದು, ಸಿಕ್ಕಿಸಿದಾಗ ಒಮ್ಮೆ ಇಂಟರ್‌ನೆಟ್ ಬೇಕಾಗುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಎಂದಿಗೂ ಸಿಕ್ಕಿಸಲಾಗದು. ಪ್ರೊ ವಿಚಾರ ಮಕ್ಕಳೇ ತೆಗೆದರೆ ಮೊದಲ ಉತ್ತರದ ಎರಡು ಮೋಡ್ ಪರೀಕ್ಷೆಯನ್ನು ಗೆಳೆಯರ ಮನೆಯಲ್ಲಿ ಮಾಡಿಕೊಂಡು ಬರಲು ಹೇಳಿ.

ಪ್ರಶ್ನೆ: ನಿಂಟೆಂಡೊ ಸ್ವಿಚ್‌ನ ಓಎಲ್‌ಇಡಿ ಮಾದರಿಯಲ್ಲಿ ಆಟಗಳು ವೇಗವಾಗಿ ಓಡುತ್ತವೆ ಎಂದು ಗೆಳತಿ ಹೇಳಿದಳು. ನಿಜವೇ? ಸೆಕೆಂಡ್‌ಹ್ಯಾಂಡ್ ಕೊಳ್ಳುವ ಯೋಚನೆ ಇದೆ.
– ಪದವಿ ವಿದ್ಯಾರ್ಥಿನಿ

ಉತ್ತರ: ನಿಜವಲ್ಲ. ಪರದೆ 6.2 ಇಂಚಿನಿಂದ 7ಕ್ಕೆ ಏರಿದೆ, ಬಣ್ಣ ಬಹಳ ಚೆನ್ನಾಗಿದೆ, ಸಂಗ್ರಹ 32ರಿಂದ 64 ಗಿಗಾಬೈಟ್ ಆಗಿದೆ, ಹಿಂದಿನ ಸ್ಟ್ಯಾಂಡ್ ಗಟ್ಟಿಯಾಗಿದೆ. ಆಟದ ವೇಗ ಒಂದಿಷ್ಟೂ ಬದಲಾಗಿಲ್ಲ. ಟಿವಿಗೆ ಸಿಕ್ಕಿಸಿಯೇ ಆಡುವವರಾದರೆ ಆ ಪರದೆಯನ್ನು ನೀವು ನೋಡುವುದೇ ಇಲ್ಲ.

ಸೆಕೆಂಡ್‌ಹ್ಯಾಂಡ್ ಸಾದಾ ಸ್ವಿಚ್ ಕೊಳ್ಳುವುದಾದರೆ ಬೇರೊಂದು ಸಂಗತಿ ಗಮನಿಸಿ. 2019ರಲ್ಲಿ ನಿಂಟೆಂಡೊ ಹೆಸರನ್ನಾಗಲಿ ಬೆಲೆಯನ್ನಾಗಲಿ ಬದಲಿಸದೆ ಒಳಗಿನ ಚಿಪ್ ಮಾತ್ರ ಬದಲಿಸಿತು. ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿದ್ದದ್ದು ನಾಲ್ಕೂವರೆಯಿಂದ ಒಂಬತ್ತು ಗಂಟೆಗೆ ಏರಿತು. ಪ್ರೊ ಎಂದು ಡಂಗುರ ಹೊಡೆದು ಬಂದ ಎಷ್ಟೋ ಮಾದರಿಗಳಿಗಿಂತ ಈ ಸದ್ದಿಲ್ಲದ ಬದಲಾವಣೆ ನನಗೆ ಇಷ್ಟ. ಗುರುತು ಹಿಡಿಯುವುದು ಸುಲಭ: ಕನ್ಸೋಲಿನ ಹಿಂಬದಿಯ ಚಿಕ್ಕ ಅಕ್ಷರಗಳಲ್ಲಿ ಎಚ್‌ಎಸಿ-001 ಎಂದಷ್ಟೇ ಇದ್ದರೆ ಹಳೆಯದು, ಅದರ ಮುಂದೆ ಇನ್ನೊಂದು -01 ಇದ್ದರೆ ಹೊಸದು. ಮಾರುವವರಿಗೆ ಆ ಸಾಲಿನ ಫೋಟೊ ಕಳಿಸಿ ಎನ್ನಿ.